ಕೂದಲೆಳೆಗಿಂತ ತೆಳುವಾದ ಕವಚ: ಅರಗಿನಿಂದ ಆವಿಯವರೆಗೆ

ಎರಡು ವರ್ಷಗಳಿಗೊಮ್ಮೆ ಕಡಲಾಚೆಯ ಕನ್ನಡಿಗರು ಒಂದೆಡೆ ಸೇರುವ ಇಂಥ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಕದಂಬರಿಂದ ಮೊದಲ್ಗೊಂಡು ಮೈಸೂರು ಒಡೆಯರವರೆಗಿನ ಅರಸುಮನೆತನಗಳಿಗೂ, ವಚನಕಾರರಿಗೂ, ಹರಿದಾಸರಿಗೂ, ನವೋದಯದ ಕವಿಗಳಿಗೂ ಸಲ್ಲಬೇಕಾದ ಗೌರವ ಸಲ್ಲುತ್ತಲೇ ಬಂದಿದೆ. ಅದು ಉಚಿತವೂ ಹೌದು. ಆದರೆ ನಮ್ಮಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಮೂವತ್ತು ನಲವತ್ತು ವರ್ಷ ನೆಚ್ಚಿಕೊಂಡಿದ್ದ ಕಸುಬುಗಳಿಗೂ ಒಂದು ಇತಿಹಾಸವಿದೆಯೆಂಬುದನ್ನು ನಾವು ಮರೆಯುತ್ತೇವೆ. ಮನೆಗೆ ಬಂದ ನೆಂಟರು ‘ಏನು ಕೆಲಸ ಮಾಡುತ್ತೀರಿ?’ ಎಂದು ಕೇಳಿದರೆ ‘ಎಂಜಿನಿಯರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅವರೂ ಮುಂದಕ್ಕೆ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ನಾನು ಇಲ್ಲಿ ಬರೆಯಹೊರಟಿರುವುದು ಅಂಥ ಒಂದು ಕಸುಬಿನ ಇತಿಹಾಸ. ಬೆರಳ ತುದಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಆದರೆ ಅಳತೆಯಲ್ಲಿ ಕರಾರುವಾಕ್ಕಾದ ಲೋಹದ ಬಿಡಿಭಾಗಗಳ ಮೇಲೆ ವಿದ್ಯುತ್ತು ಹಾಯದಂತೆ ತಡೆಯುವ ತೆಳುವಾದ ಲೇಪವನ್ನು ಕೊಡುವ ಕಸುಬು ಅದು. ಮೊದಲು ಬೆಂಗಳೂರಿನಲ್ಲಿಯೂ, ೧೯೭೪ರಿಂದ ಮುಂದೆ ಟೊರಾಂಟೊ ಮಹಾನಗರದ ಮಿಸಿಸಾಗಾದಲ್ಲಿಯೂ ನಾನು ಈ ಕೆಲಸವನ್ನು ಮಾಡಿದವನು. ಇದು ನನ್ನ ಆತ್ಮಕಥೆಯಲ್ಲ; ಕಸುಬಿನ ಕಥೆ. ಅಗತ್ಯವಿದ್ದಲ್ಲಿ ಮಾತ್ರ ನನ್ನನ್ನು ಎಳೆದು ತರುತ್ತೇನೆ.

ಎರಡು ಜಲಪಾತಗಳು

ಕೆನಡಾಕ್ಕೂ ಕನ್ನಡನಾಡಿಗೂ ವಿದ್ಯುತ್ತಿನ ನಂಟು ನಾವು ಇಲ್ಲಿಗೆ ವಲಸೆ ಬರುವ ಎಷ್ಟೋ ಮೊದಲೇ ಬೆಳೆದದ್ದು. ೧೯೦೨ರ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲೊಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯನ್ನು ಸಿದ್ಧಪಡಿಸಿದ ಎಂಜಿನಿಯರ್ ಅಲೆಯ್ನ್ ಜೋಲಿ ಡಿ ಲಾಟ್‌ಬಿನಿಯೇರ್. ಆತ ಕೆನಡಾದ ಕ್ವಿಬೆಕ್ ಪ್ರಾಂತ್ಯದವರು. ಆ ಪ್ರಾಂತ್ಯದ ಪ್ರಧಾನಿಯಾಗಿದ್ದವರ ಮಗ. ಒಂಟಾರಿಯೊದ ಕಿಂಗ್‌ಸ್ಟನ್ ನಗರದ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ಓದಿ ಬ್ರಿಟಿಷ್ ಸೇನೆಯ ಎಂಜಿನಿಯರ್ ದಳವನ್ನು ಸೇರಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದ್ದು ಇದೇ ಕಾವೇರಿಯ ಕೃಪೆಯಿಂದ. ಅದರ ಮರುವರ್ಷ, ೧೯೦೬ರಲ್ಲಿ, ನಯಾಗರಾ ಜಲಪಾತದ ವಿದ್ಯುತ್ತು ಟೊರಾಂಟೊ ನಗರವನ್ನು ತಲುಪಿತು. ನಾವು ಬಿಟ್ಟುಬಂದ ಊರೂ ಸೇರಿಕೊಂಡ ಊರೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ, ಒಂದೊಂದು ಜಲಪಾತದ ನೆರವಿನಿಂದ ಬೆಳಕು ಕಂಡವು.

ದೂರದ ಮಾರ್ಗಗಳ ಕಂಬಗಳ ಮೇಲೆ ಪಿಂಗಾಣಿಯ ಬಟ್ಟಲುಗಳನ್ನು ಕವುಚಿದಂತೆ ಕಾಣುವ ಅವಾಹಕಗಳನ್ನು ಎಲ್ಲರೂ ನೋಡಿದ್ದೇವೆ. ಅವು ಕಣ್ಣಿಗೆ ಬೀಳುತ್ತವೆ. ಆದರೆ ಆ ವಿದ್ಯುತ್ತನ್ನು ಹುಟ್ಟಿಸುವ ಯಂತ್ರದ ಒಳಗಿನ, ಅದನ್ನು ಬಳಸುವ ಮೋಟಾರಿನ ಒಳಗಿನ, ದೂರವಾಣಿಯೊಳಗಿನ ಅವಾಹಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಪಿಂಗಾಣಿಗೆ ಸ್ಥಳವಿಲ್ಲ. ಅಲ್ಲಿ ಬೇಕಾದದ್ದು ಲೋಹಕ್ಕೆ ಅಂಟಿಕೊಂಡ, ಕೂದಲೆಳೆಗಿಂತಲೂ ತೆಳುವಾದ ಒಂದು ಪೊರೆ.

ರೇಷ್ಮೆ ಮತ್ತು ಅರಗು

ಈ ಪೊರೆಯ ಇತಿಹಾಸ ರೇಷ್ಮೆಯಿಂದ ಮೊದಲಾಗುತ್ತದೆ. ೧೭೨೯ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಸೆಣಬಿನ ಹಗ್ಗದ ಮೂಲಕ ವಿದ್ಯುತ್ತನ್ನು ದೂರಕ್ಕೆ ಒಯ್ಯಲು ಯತ್ನಿಸಿದರು. ಹಗ್ಗವನ್ನು ರೇಷ್ಮೆಯ ದಾರದಿಂದ ತೂಗುಬಿಟ್ಟಾಗ ವಿದ್ಯುತ್ತು ಮುಂದೆ ಸಾಗಿತು. ಹಿತ್ತಾಳೆಯ ತಂತಿಯಿಂದ ತೂಗುಬಿಟ್ಟಾಗ ಸೋರಿಹೋಯಿತು. ದಪ್ಪಕ್ಕಿಂತ ಪದಾರ್ಥದ ಗುಣವೇ ಮುಖ್ಯವೆಂದು ಆಗ ತಿಳಿಯಿತು. ವಾಹಕ, ಅವಾಹಕ ಎಂಬ ವಿಂಗಡಣೆಯ ಮೂಲ ಅಲ್ಲಿದೆ.

ಸುಮಾರು ನೂರು ವರ್ಷಗಳ ಮೇಲೆ, ೧೮೨೫ರಲ್ಲಿ, ವಿಲಿಯಂ ಸ್ಟರ್ಜನ್ ಎಂಬ ಇನ್ನೊಬ್ಬ ಆಂಗ್ಲರು ಕುದುರೆಲಾಳದ ಆಕಾರಕ್ಕೆ ಬಗ್ಗಿಸಿದ ಕಬ್ಬಿಣದ ಸರಳಿಗೆ ತಾಮ್ರದ ತಂತಿಯನ್ನು ಸುತ್ತಿ ವಿದ್ಯುತ್ಕಾಂತವನ್ನು ಮಾಡಿ ತೋರಿಸಿದರು. ತಂತಿ ಬೆತ್ತಲೆಯಾಗಿತ್ತು. ಕಬ್ಬಿಣಕ್ಕೆ ತಗುಲಿ ವಿದ್ಯುತ್ತು ಅಡ್ಡದಾರಿ ಹಿಡಿಯಬಾರದೆಂದು ಸ್ಟರ್ಜನ್ ಸರಳಿಗೆ ವಾರ್ನಿಷ್ ಬಳಿದರು. ನನ್ನ ತಿಳಿವಳಿಕೆಯಲ್ಲಿ ನಮ್ಮ ಕಸುಬಿನ ಮೂಲಪುರುಷರು ಅವರೇ: ಒಂದು ಚಿಕ್ಕ ಲೋಹದ ತುಂಡು, ಅದರ ಮೇಲೊಂದು ತೆಳು ಅವಾಹಕ ಲೇಪ. ಏಳು ಔನ್ಸಿನ ಆ ಕಬ್ಬಿಣ ಒಂಬತ್ತು ಪೌಂಡು ಭಾರವನ್ನು ಎತ್ತಿತು. ಆದರೆ ತಂತಿಯ ಸುತ್ತುಗಳು ಒಂದಕ್ಕೊಂದು ತಗುಲಬಾರದಾದ್ದರಿಂದ ಅವುಗಳನ್ನು ದೂರದೂರವಾಗಿಯೇ ಸುತ್ತಬೇಕಾಯಿತು.

ಅಮೆರಿಕದ ಆಲ್ಬನಿಯಲ್ಲಿ ಉಪಾಧ್ಯಾಯರಾಗಿದ್ದ ಜೋಸೆಫ್ ಹೆನ್ರಿ ಈ ಕ್ರಮವನ್ನು ತಿರುವುಮುರುವು ಮಾಡಿದರು. ಕಬ್ಬಿಣದ ಬದಲು ತಂತಿಗೇ ರೇಷ್ಮೆಯ ಹೊದಿಕೆ ಹಾಕಿದರು. ಆಗ ಸುತ್ತಿನ ಪಕ್ಕಕ್ಕೆ ಸುತ್ತು, ಪದರದ ಮೇಲೆ ಪದರ ಹಾಕಲು ಸಾಧ್ಯವಾಯಿತು. ೧೮೩೧ರಲ್ಲಿ ಯೇಲ್ ಕಾಲೇಜಿಗೆ ಅವರು ಮಾಡಿಕೊಟ್ಟ ಕಾಂತ ೨,೦೦೦ ಪೌಂಡಿಗೂ ಹೆಚ್ಚು ಭಾರವನ್ನು ಎತ್ತಿತು. ಒಂಬತ್ತು ಪೌಂಡಿನಿಂದ ಎರಡು ಸಾವಿರಕ್ಕೆ ಏರಿದ ಈ ಜಿಗಿತಕ್ಕೆ ದೊಡ್ಡ ಕಬ್ಬಿಣ, ಹೆಚ್ಚಿನ ತಂತಿ ಕಾರಣವಾದರೂ, ಅಷ್ಟೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತಲು ದಾರಿ ಮಾಡಿಕೊಟ್ಟದ್ದು ರೇಷ್ಮೆಯ ಆ ತೆಳು ಹೊದಿಕೆ. ನಮ್ಮ ರಾಮನಗರ, ಕೊಳ್ಳೇಗಾಲಗಳ ರೇಷ್ಮೆ ಗೂಡನ್ನು ಕಂಡಾಗ ಸೀರೆಯೊಂದೇ ನೆನಪಾಗುವುದು ಸಹಜ; ಆಧುನಿಕ ವಿದ್ಯುದ್ಯಂತ್ರಗಳ ವಂಶವೃಕ್ಷದಲ್ಲಿಯೂ ಆ ಹುಳುವಿಗೆ ಒಂದು ಸ್ಥಾನವಿದೆ.

ಎರಡನೆಯ ಹುಳು ಅರಗಿನದು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಮರದ ಎಳೆಯ ಕೊಂಬೆಗಳ ರಸ ಹೀರಿ ಈ ಕೀಟ ಸ್ರವಿಸುವ ಅಂಟೇ ಅರಗು. ಉತ್ತರದಲ್ಲಿ ಮುತ್ತುಗ, ಬೋರೆ, ಕುಸುಮ ಮರಗಳ ಮೇಲೂ, ಹಳೆಯ ಮೈಸೂರು ಸೀಮೆಯಲ್ಲಿ ಜಾಲಾರಿ ಮರದ ಮೇಲೂ ಇದು ಬೆಳೆಯುತ್ತಿತ್ತು. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ತೆಳುವಾಗಿ ಹರಡಿ ಹೊಳೆಯುತ್ತದೆ. ಅದೇ ಅರಗನ್ನು ಶೋಧಿಸಿ ಮದ್ಯಸಾರದಲ್ಲಿ ಕರಗಿಸಿದರೆ ಉತ್ತಮವಾದ ಅವಾಹಕ ವಾರ್ನಿಷ್ ಸಿದ್ಧವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಪಶ್ಚಿಮದ ವಿದ್ಯುತ್ ಕಾರ್ಖಾನೆಗಳು ಸುರುಳಿಗಳನ್ನು ಇದರಲ್ಲಿ ಅದ್ದುತ್ತಿದ್ದವು. ನಮ್ಮ ಹಳ್ಳಿಗರು ಕಾಗೆಬಂಗಾರವೆನ್ನುವ ಅಭ್ರಕದ ಚಕ್ಕೆಗಳನ್ನು ಅರಗಿನಿಂದ ಅಂಟಿಸಿ ಹಾಳೆಗಳನ್ನು ಮಾಡುತ್ತಿದ್ದವು. ಅರಗೂ ಅಭ್ರಕವೂ ಬಹುಪಾಲು ಹೋಗುತ್ತಿದ್ದುದು ಭಾರತದಿಂದಲೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೨೦ರ ದಶಕದಲ್ಲಿಯೇ ಅರಗಿನ ಕೀಟದ ಮೇಲೆ ಗಂಭೀರವಾದ ಸಂಶೋಧನೆ ನಡೆಯಿತು. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ನಗರದಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಸ್ಥಾಪನೆಯಾಯಿತು. ಮುದ್ರೆಯೊತ್ತುವ ಅರಗು, ಬಣ್ಣ, ವಾರ್ನಿಷ್ ತಯಾರಿಸುತ್ತಿದ್ದ ಈ ಕಾರ್ಖಾನೆ ೧೯೬೨ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಹೆಸರಾಯಿತು. ೧೯೮೯ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಎಂಬ ಹೆಸರು ಪಡೆಯಿತು. ಶಾಯಿಯ ಕಥೆ ಎಲ್ಲರಿಗೂ ಗೊತ್ತು. ಹೆಸರಿನಲ್ಲಿದ್ದ ‘ಲ್ಯಾಕ್’ ಎಂಬುದು ನಮ್ಮ ಅರಗು ಎನ್ನುವುದು ಎಷ್ಟು ಜನರಿಗೆ ನೆನಪಿದೆ?

ಅರಗಿಗೆ ಒಂದು ದೊಡ್ಡ ದೌರ್ಬಲ್ಯವಿತ್ತು. ೮೦ ಡಿಗ್ರಿ ಸೆಲ್ಸಿಯಸ್ ಹತ್ತಿರದ ಕಾವಿನಲ್ಲಿಯೇ ಅದು ಮೆತ್ತಗಾಗುತ್ತದೆ. ದುಡಿಯುವ ಮೋಟಾರು ಅದಕ್ಕಿಂತ ಬಿಸಿಯಾಗುವುದುಂಟು. ಬೆಲೆಯೂ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಿತ್ತು. ಅರಗಿಗೆ ಬದಲಿ ಹುಡುಕಲು ಹೊರಟ ಲಿಯೋ ಬೇಕ್‌ಲೆಂಡ್ ಎಂಬ ರಸಾಯನಶಾಸ್ತ್ರಜ್ಞರು ನ್ಯೂಯಾರ್ಕಿನ ಬಳಿಯ ತಮ್ಮ ಪ್ರಯೋಗಶಾಲೆಯಲ್ಲಿ ೧೯೦೭ರಲ್ಲಿ ಬೇಕ್‌ಲೈಟ್ ಕಂಡುಹಿಡಿದರು. ಪೂರ್ಣವಾಗಿ ಕೃತಕವಾದ ಪ್ಲಾಸ್ಟಿಕ್ಕುಗಳ ಯುಗ ಹೀಗೆ ಅರಗಿನ ಕೊರತೆಯನ್ನು ನೀಗಿಸುವ ಪ್ರಯತ್ನದಿಂದ ಹುಟ್ಟಿತು. ಅದರೊಡನೆ ಅರಗು ಬೆಳೆಯುತ್ತಿದ್ದ ಕಾಡಂಚಿನ ಬಡಜನರ ಒಂದು ಆದಾಯ ನಿಧಾನವಾಗಿ ಕುಗ್ಗುತ್ತ ಬಂದದ್ದನ್ನೂ ಇತಿಹಾಸಕಾರ ಬರೆದಿಡಬೇಕು.

ಬೆಂಗಳೂರಿನ ಪಾಠ

ಮೈಸೂರು ಸಂಸ್ಥಾನ ವಿದ್ಯುತ್ತನ್ನು ಹುಟ್ಟಿಸಿದ್ದಷ್ಟೇ ಅಲ್ಲ, ಅದಕ್ಕೆ ಬೇಕಾದ ಸಲಕರಣೆಗಳನ್ನು ಮಾಡಲೂ ಕೈಹಾಕಿತು. ೧೯೩೦ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆಯೂ, ಮುಂದೆ ‘ಕವಿಕಾ’ ಎನಿಸಿಕೊಂಡ ಸರ್ಕಾರಿ ವಿದ್ಯುತ್ ಕಾರ್ಖಾನೆಯೂ ತಲೆಯೆತ್ತಿದವು. ೧೯೪೬ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ೧೯೪೮ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಇವುಗಳ ಸುರುಳಿ ಸುತ್ತುವ ವಿಭಾಗಗಳಲ್ಲಿ ದುಡಿದ ಕೈಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಅಂಥದೇ ಒಂದು ಕಾರ್ಖಾನೆಯಲ್ಲಿ. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಹೊಸಬರಿಗೆ ಮೊದಲ ದಿನ ಹೇಳುತ್ತಿದ್ದುದು ಕಲಾಯಿಯವನ ಉದಾಹರಣೆ. ಕಲಾಯಿ ಹಾಕುವವನು ಹಿತ್ತಾಳೆಯ ಪಾತ್ರೆಗೆ ನೇರವಾಗಿ ತವರ ಬಳಿಯುವುದಿಲ್ಲ. ಮೊದಲು ತಿಕ್ಕಿ ತೊಳೆಯುತ್ತಾನೆ, ಕಾಯಿಸುತ್ತಾನೆ, ನವಸಾಗರ ಉದುರಿಸಿ ಮೇಲಿನ ಕಿಲುಬನ್ನು ತೆಗೆಯುತ್ತಾನೆ, ಆಮೇಲೆ ತವರ ಮುಟ್ಟಿಸಿ ಹತ್ತಿಯಿಂದ ಒರೆಸುತ್ತಾನೆ. ಬೆರಳಿನ ಜಿಡ್ಡು ಉಳಿದ ಜಾಗದಲ್ಲಿ ಕಲಾಯಿ ಹಿಡಿಯುವುದಿಲ್ಲ. ‘ಲೇಪ ಅಂದರೆ ಮುಕ್ಕಾಲು ಪಾಲು ತೊಳೆಯುವುದಪ್ಪಾ, ಕಾಲು ಪಾಲು ಮಾತ್ರ ಬಳಿಯುವುದು’ ಎನ್ನುತ್ತಿದ್ದರು ಅವರು. ಮುಂದೆ ಕೆನಡಾದಲ್ಲಿ ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳ ಸಾರವೂ ಇದೇ ಆಗಿತ್ತು.

ಕೆನಡಾದ ಕೊಡುಗೆ

ತಂತಿಗೆ ರೇಷ್ಮೆ ಸುತ್ತುವುದು ದುಬಾರಿಯ ಕೆಲಸ, ಜಾಗವನ್ನೂ ತಿನ್ನುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಣ್ಣೆ ಮತ್ತು ರಾಳಗಳಿಂದ ಮಾಡಿದ ಎನಾಮಲ್ಲನ್ನು ತಂತಿಗೆ ಹಚ್ಚಿ ಬೇಯಿಸುವ ವಿಧಾನ ಬಂದಿತು. ಆದರೆ ಆ ಎನಾಮಲ್ ಸುಲಭವಾಗಿ ಕೆರೆದುಹೋಗುತ್ತಿತ್ತು. ಅದನ್ನು ಕಾಪಾಡಲು ಮೇಲೆ ಮತ್ತೆ ಹತ್ತಿಯನ್ನೋ ರೇಷ್ಮೆಯನ್ನೋ ಸುತ್ತಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸಿದ್ದರಲ್ಲಿ ಕೆನಡಾದ ಪಾಲು ದೊಡ್ಡದು. ಕ್ವಿಬೆಕ್ಕಿನ ಶಾವಿನಿಗನ್ ಎಂಬಲ್ಲಿ ಮತ್ತೊಂದು ಜಲಪಾತದ ವಿದ್ಯುತ್ತನ್ನು ನೆಚ್ಚಿ ಬೆಳೆದ ರಾಸಾಯನಿಕ ಕಾರ್ಖಾನೆಗಳು ‘ಫಾರ್ಮ್‌ವಾರ್’ ಎಂಬ ಕೃತಕ ರಾಳವನ್ನು ಕೊಟ್ಟವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ೧೯೩೦ರ ದಶಕದ ಕೊನೆಯಲ್ಲಿ ಅದರಿಂದ ತಂತಿಯ ಎನಾಮಲ್ ಮಾಡಿತು. ಈ ತಂತಿಯನ್ನು ಅದರಷ್ಟೇ ದಪ್ಪದ ಕಡ್ಡಿಗೆ ಬಿಗಿಯಾಗಿ ಸುತ್ತಿದರೂ ಲೇಪ ಬಿರಿಯುತ್ತಿರಲಿಲ್ಲ. ಮೋಟಾರುಗಳು ಚಿಕ್ಕವಾಗುತ್ತ, ಹಗುರವಾಗುತ್ತ ಹೋದದ್ದಕ್ಕೆ ಇದೂ ಒಂದು ಕಾರಣ.

ಟೊರಾಂಟೊ ಮಹಾನಗರದ ಪಾತ್ರ ಬೇರೊಂದು ಬಗೆಯದು. ಇಲ್ಲಿ ವಿಮಾನ, ದೂರಸಂಪರ್ಕ, ಮೋಟಾರು ವಾಹನ, ವೈದ್ಯಕೀಯ ಉಪಕರಣಗಳ ಉದ್ಯಮಗಳು ಒತ್ತೊತ್ತಾಗಿ ಬೆಳೆದವು. ಮಾಲ್ಟನ್ನಿನಲ್ಲಿ ಆವ್ರೊ ಕಂಪನಿಯ ‘ಆರೋ’ ವಿಮಾನ ಯೋಜನೆಯನ್ನು ಸರ್ಕಾರ ೧೯೫೯ರ ಫೆಬ್ರವರಿ ೨೦ರಂದು ರದ್ದುಗೊಳಿಸಿದಾಗ ಸಾವಿರಾರು ಕುಶಲಿಗಳು ಒಂದೇ ದಿನ ಕೆಲಸ ಕಳೆದುಕೊಂಡ ಸಂಗತಿಯನ್ನು ಇಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ದೊಡ್ಡ ಕಾರ್ಖಾನೆಗಳ ಸುತ್ತ ನೂರಾರು ಚಿಕ್ಕ ಅಂಗಡಿಗಳು ಇಟೊಬಿಕೊ, ರೆಕ್ಸ್‌ಡೇಲ್, ಮಿಸಿಸಾಗಾ, ಬ್ರಾಂಪ್ಟನ್ನುಗಳಲ್ಲಿ ಹುಟ್ಟಿಕೊಂಡವು. ಒಬ್ಬರು ಕೊರೆಯುವವರು, ಒಬ್ಬರು ಅರೆಯುವವರು, ಒಬ್ಬರು ಲೇಪ ಕೊಡುವವರು. ಕೆನಡಾದಲ್ಲಿ ಮಾರುವ ವಿದ್ಯುತ್ ಸಾಮಗ್ರಿಗಳ ಮೇಲೆ ಕಾಣುವ ಸಿ.ಎಸ್.ಎ. ಗುರುತು ೧೯೧೯ರಲ್ಲಿ ಸ್ಥಾಪಿತವಾದ ಮಾನಕ ಸಂಸ್ಥೆಯದು. ಅದರ ಪ್ರಧಾನ ಕಚೇರಿ ಬೆಳೆದದ್ದೂ ರೆಕ್ಸ್‌ಡೇಲಿನಲ್ಲಿಯೇ. ಆ ಪುಟ್ಟ ಗುರುತಿನ ಹಿಂದೆ ನಮ್ಮಂಥವರ ಲೇಪಗಳ ಮೇಲೆ ಸಾವಿರಾರು ವೋಲ್ಟ್ ಹಾಯಿಸಿ ನೋಡಿದ ಪರೀಕ್ಷೆಗಳಿವೆ.

ಅಂಚು, ತೂತು, ಅಳತೆ

ಚಿಕ್ಕ ಬಿಡಿಭಾಗಕ್ಕೆ ಲೇಪ ಕೊಡುವವನಿಗೆ ಮೂರು ಶತ್ರುಗಳು: ಅಂಚು, ತೂತು, ಅಳತೆ.

ದ್ರವರೂಪದ ವಾರ್ನಿಷ್ ಚೂಪಾದ ಅಂಚಿನಲ್ಲಿ ನಿಲ್ಲುವುದಿಲ್ಲ. ಮೇಲ್ಮೈ ಸೆಳೆತದಿಂದ ಅದು ಅಂಚನ್ನು ಬಿಟ್ಟು ಸಪಾಟಾದ ಜಾಗಕ್ಕೆ ಸರಿಯುತ್ತದೆ, ಮೂಲೆಗಳಲ್ಲಿ ಮಡುಗಟ್ಟುತ್ತದೆ. ವಿದ್ಯುತ್ತಿನ ಒತ್ತಡವೋ ಚೂಪಾದ ಅಂಚಿನಲ್ಲಿಯೇ ಹೆಚ್ಚು. ಲೇಪ ಎಲ್ಲಿ ದಪ್ಪವಿರಬೇಕೋ ಅಲ್ಲಿ ತೆಳು, ಎಲ್ಲಿ ಬೇಡವೋ ಅಲ್ಲಿ ದಪ್ಪ. ೧೯೫೦ರ ದಶಕದಲ್ಲಿ ಜರ್ಮನಿಯಲ್ಲಿ ಎರ್ವಿನ್ ಗೆಮ್ಮರ್ ಎಂಬವರು ಗಾಳಿಯಿಂದ ಕುದಿಯುವಂತೆ ಮಾಡಿದ ಪ್ಲಾಸ್ಟಿಕ್ ಪುಡಿಯಲ್ಲಿ ಬಿಸಿ ಲೋಹವನ್ನು ಅದ್ದುವ ವಿಧಾನವನ್ನು ಕಂಡುಹಿಡಿದರು. ಅದು ಅಂಚನ್ನು ಚೆನ್ನಾಗಿ ಮುಚ್ಚುತ್ತದೆ. ಆದರೆ ಲೇಪದ ದಪ್ಪ ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಆಸುಪಾಸು. ಅಕ್ಕಿಕಾಳಿನಷ್ಟು ಭಾಗಕ್ಕೆ ಅದು ಕಂಬಳಿ ಹೊದಿಸಿದಂತೆ.

ಅಲ್ಯುಮಿನಿಯಂ ಭಾಗಗಳಿಗೆ ಇನ್ನೊಂದು ಉಪಾಯವಿದೆ. ಲೋಹವನ್ನು ಆಮ್ಲದ ತೊಟ್ಟಿಯಲ್ಲಿ ಧನಧ್ರುವಕ್ಕೆ ಜೋಡಿಸಿ ವಿದ್ಯುತ್ತು ಹರಿಸಿದರೆ ಅದರ ಮೈಯೇ ಆಕ್ಸೈಡಾಗಿ ಮಾರ್ಪಟ್ಟು ಗಟ್ಟಿಯಾದ ಅವಾಹಕವಾಗುತ್ತದೆ. ಇದು ಬಳಿದ ಲೇಪವಲ್ಲ. ಲೋಹದಿಂದಲೇ ಬೆಳೆದ ಚರ್ಮ. ಬ್ರಿಟನ್ನಿನ ಬೆಂಗೋ ಮತ್ತು ಸ್ಟೂವರ್ಟ್ ೧೯೨೩ರಲ್ಲಿ ಕ್ರೋಮಿಕ್ ಆಮ್ಲದಿಂದ ಇದನ್ನು ಸಾಧಿಸಿದ್ದು ಕಡಲ ವಿಮಾನಗಳ ಭಾಗಗಳಿಗೆ ತುಕ್ಕು ಹಿಡಿಯದಿರಲೆಂದು. ಗಂಧಕಾಮ್ಲದ ವಿಧಾನ ೧೯೨೭ರಲ್ಲಿ ಬಂದಿತು. ಈ ಚರ್ಮದ ಪದಾರ್ಥ ಅಲ್ಯುಮಿನಾ. ನಮ್ಮ ಬೆಳಗಾವಿಯಲ್ಲಿ ಕೆಂಪು ಬಾಕ್ಸೈಟ್ ಮಣ್ಣಿನಿಂದ ಶೋಧಿಸಿ ತೆಗೆಯುವ ಬಿಳಿಯ ಪುಡಿಯೂ ರಾಸಾಯನಿಕವಾಗಿ ಅದೇ. ಅಲ್ಲಿ ಆ ಕಾರ್ಖಾನೆಯನ್ನು ಕಟ್ಟಿದ ಇಂಡಾಲ್ ಕಂಪನಿ ಕೆನಡಾದ ಆಲ್ಕನ್ ಸಂಸ್ಥೆಯ ಬಳಗಕ್ಕೆ ಸೇರಿದ್ದಾಗಿತ್ತು. ೨೦೦೦ದಲ್ಲಿ ಅದು ಹಿಂಡಾಲ್ಕೊ ಕೈಗೆ ಬಂದಿತು.

ಇಲ್ಲಿ ಮೂರನೆಯ ಶತ್ರು ಎದುರಾಗುತ್ತದೆ. ಗಟ್ಟಿ ಆಕ್ಸೈಡಿನ ಪದರ ೫೦ ಮೈಕ್ರಾನ್ ಬೆಳೆದರೆ ಸುಮಾರು ಅರ್ಧ ಲೋಹದ ಒಳಕ್ಕೂ ಅರ್ಧ ಹೊರಕ್ಕೂ ಬೆಳೆಯುತ್ತದೆ. ಎಂದರೆ ಪ್ರತಿ ಮೈಯೂ ೨೫ ಮೈಕ್ರಾನ್ ಉಬ್ಬುತ್ತದೆ. ತೂತಿನ ವ್ಯಾಸ ೫೦ ಮೈಕ್ರಾನ್ ಕಿರಿದಾಗುತ್ತದೆ. ತಿರುಪಿನ ಮರೆಗಳಲ್ಲಿ ಪರಿಣಾಮ ಇನ್ನೂ ಹೆಚ್ಚು: ಮರೆಯ ಇಳಿಜಾರಿನ ಕಾರಣದಿಂದ ಅದರ ನಡುವ್ಯಾಸ ಉಬ್ಬಿನ ನಾಲ್ಕರಷ್ಟು, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಬದಲಾಗಿಬಿಡುತ್ತದೆ. ಚೆನ್ನಾಗಿ ಕೂರುತ್ತಿದ್ದ ತಿರುಪು ಆಮೇಲೆ ಒಳಗೆ ಹೋಗುವುದೇ ಇಲ್ಲ. ಆದ್ದರಿಂದ ಲೇಪಕಾರನನ್ನು ಕೇಳದೆ ನಕ್ಷೆ ಬರೆಯುವ ಎಂಜಿನಿಯರು ಕೊನೆಗೆ ಲೇಪಕಾರನ ಬಾಗಿಲಿಗೇ ಬರುತ್ತಾನೆ. ಆಕ್ಸೈಡು ಮೇಲ್ಮೈಗೆ ನೇರವಾಗಿ ಬೆಳೆಯುವುದರಿಂದ ಚೂಪಾದ ಮೂಲೆಯಲ್ಲಿ ಎರಡು ಮೈಗಳ ಬೆಳೆ ಕೂಡಿಕೊಳ್ಳದೆ ಸೀಳು ಉಳಿಯುವುದೂ ಉಂಟು. ಅದಕ್ಕಾಗಿ ಅಂಚನ್ನು ಮೊದಲೇ ದುಂಡಾಗಿಸಬೇಕು. ಇನ್ನು ಭಾಗವನ್ನು ಕೊಕ್ಕೆಯಿಂದ ಹಿಡಿದ ಚುಕ್ಕೆಯಷ್ಟು ಜಾಗದಲ್ಲಿ ಲೇಪ ಬರುವುದೇ ಇಲ್ಲ. ಎಲ್ಲಿ ಹಿಡಿಯಬೇಕೆಂದು ತೀರ್ಮಾನಿಸುವುದೇ ನಮ್ಮ ದಿನದ ಮೊದಲ ಕೆಲಸವಾಗಿತ್ತು.

ಆವಿಯ ಕವಚ

೧೯೪೭ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಮೈಕೇಲ್ ಶ್ವಾರ್ಟ್ಸ್ ಎಂಬ ಪೋಲೆಂಡ್ ಮೂಲದ ವಿಜ್ಞಾನಿ ಪ್ಯಾರಾ-ಜೈಲೀನ್ ಎಂಬ ದ್ರವದ ಆವಿಯನ್ನು ಬಲವಾಗಿ ಕಾಯಿಸಿದಾಗ ಉಪಕರಣದ ತಣ್ಣನೆಯ ಭಾಗದಲ್ಲಿ ತೆಳುವಾದ ಪೊರೆ ಕಟ್ಟಿಕೊಂಡದ್ದನ್ನು ಗಮನಿಸಿದರು. ಯೂನಿಯನ್ ಕಾರ್ಬೈಡ್ ಕಂಪನಿಯ ವಿಲಿಯಂ ಗೋರಮ್ ಅದನ್ನು ಕೈಗಾರಿಕೆಗೆ ಒಗ್ಗುವಂತೆ ತಿದ್ದಿದರು. ೧೯೬೫ರಲ್ಲಿ ‘ಪ್ಯಾರಿಲೀನ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಬಿಳಿಯ ಪುಡಿಯನ್ನು ಸುಮಾರು ೧೫೦ ಡಿಗ್ರಿಯಲ್ಲಿ ಆವಿಯಾಗಿಸಿ, ೬೮೦ ಡಿಗ್ರಿಯ ಕುಲುಮೆಯಲ್ಲಿ ಹಾಯಿಸಿ ಒಡೆದು, ಗಾಳಿ ತೆಗೆದ ಕೋಣೆಗೆ ಬಿಡುತ್ತಾರೆ. ಅಲ್ಲಿ ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಯೇ ಅದು ಪ್ರತಿಯೊಂದು ಮೈಯ ಮೇಲೂ ಅಣು ಅಣುವಾಗಿ ಕೂಡಿಕೊಂಡು ಬೆಳೆಯುತ್ತದೆ. ದ್ರವವಿಲ್ಲ, ಆದ್ದರಿಂದ ಅಂಚಿನಿಂದ ಜಾರುವುದಿಲ್ಲ, ತೂತಿನಲ್ಲಿ ಮಡುಗಟ್ಟುವುದಿಲ್ಲ. ಹತ್ತಿಪ್ಪತ್ತು ಮೈಕ್ರಾನ್ ದಪ್ಪ ಸಾಕು. ಮನುಷ್ಯನ ಕೂದಲು ಸುಮಾರು ೭೦ ಮೈಕ್ರಾನ್ ಇರುತ್ತದೆಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ಅರಿವಾದೀತು. ಇಷ್ಟು ತೆಳುವಾದರೂ ಪ್ರತಿ ಮೈಕ್ರಾನಿಗೆ ಸುಮಾರು ೨೦೦ ವೋಲ್ಟನ್ನು ತಡೆಯಬಲ್ಲದು.

ಈ ಲೇಪದ ಘನತೆಯನ್ನು ಅರಿಯಲು ಮತ್ತೆ ಟೊರಾಂಟೊಗೇ ಬರಬೇಕು. ೧೯೫೦ರ ಹೊತ್ತಿಗೆ ಇಲ್ಲಿನ ಬ್ಯಾಂಟಿಂಗ್ ಸಂಸ್ಥೆಯಲ್ಲಿ ಶಸ್ತ್ರವೈದ್ಯರಾದ ವಿಲ್‌ಫ್ರೆಡ್ ಬಿಗೆಲೋ ಮತ್ತು ಜಾನ್ ಕ್ಯಾಲಹನ್, ರಾಷ್ಟ್ರೀಯ ಸಂಶೋಧನ ಮಂಡಲಿಯ ಎಂಜಿನಿಯರ್ ಜಾನ್ ಹಾಪ್ಸ್ ಅವರೊಡಗೂಡಿ, ನಿಂತ ಹೃದಯವನ್ನು ವಿದ್ಯುತ್ತಿನ ಮಿಡಿತದಿಂದ ನಡೆಸಬಹುದೆಂದು ತೋರಿಸಿದರು. ಅವರ ಯಂತ್ರ ದೇಹದ ಹೊರಗಿತ್ತು. ಸ್ವೀಡನ್ನಿನಲ್ಲಿ ೧೯೫೮ರ ಅಕ್ಟೋಬರ್ ೮ರಂದು ಮೊದಲ ಬಾರಿಗೆ ಅಂಥ ಸಾಧನವನ್ನು ರೋಗಿಯ ದೇಹದೊಳಗೆ ಇಟ್ಟರು. ಅದನ್ನು ತಯಾರಿಸಿದ ರೂನೆ ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶಿನ ಡಬ್ಬಿಯನ್ನೇ ಅಚ್ಚಾಗಿಸಿ ಇಪಾಕ್ಸಿ ರಾಳವನ್ನು ಎರೆದಿದ್ದರು. ಸಾಧನ ಕೆಲವೇ ಗಂಟೆಗಳಲ್ಲಿ ನಿಂತಿತು. ಮತ್ತೆ ಮತ್ತೆ ಬದಲಿಸಬೇಕಾಯಿತು. ಆದರೆ ಆ ರೋಗಿ ೨೦೦೧ರವರೆಗೆ ಬದುಕಿದರು. ದೇಹದ ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕ. ಒಳಗೆ ಸೋರಿದರೆ ಹೃದಯದ ಲಯವೇ ತಪ್ಪುತ್ತದೆ. ಮುಂದೆ ಟೈಟೇನಿಯಂ ಡಬ್ಬಿಗಳು ಬಂದಾಗ, ಎದೆಯ ಸ್ನಾಯುಗಳು ಸುಮ್ಮನೆ ಅದುರದಿರಲೆಂದು ಡಬ್ಬಿಯ ಒಂದು ಭಾಗವನ್ನು ಬಿಟ್ಟು ಉಳಿದುದಕ್ಕೆ ಪ್ಯಾರಿಲೀನಿನಂಥ ಅವಾಹಕವನ್ನು ಲೇಪಿಸುವ ಕ್ರಮ ಬಳಕೆಗೆ ಬಂದಿತು. ನಮ್ಮ ಪೀಳಿಗೆಯ ಎಷ್ಟೋ ಮಂದಿಯ ಎದೆಯೊಳಗೆ ಇಂದು ಅಂಥ ಡಬ್ಬಿಗಳಿವೆ. ಈ ಸಮ್ಮೇಳನದ ಸಭಾಂಗಣದಲ್ಲಿಯೂ ಕೆಲವರಿದ್ದಾರು.

ಮರೆಯಲ್ಲಿ ಉಳಿದವರು

ಲೇಪ ಎಲ್ಲಿ ಬೇಕೆಂಬುದರಷ್ಟೇ ಎಲ್ಲಿ ಬೇಡವೆಂಬುದೂ ಮುಖ್ಯ. ವಿದ್ಯುತ್ತು ಸಂಪರ್ಕಿಸಬೇಕಾದ ಮೈ, ತಿರುಪಿನ ತೂತು, ಇವುಗಳನ್ನು ಮೊದಲೇ ಅಂಟುಪಟ್ಟಿಯಿಂದಲೋ ರಬ್ಬರು ಬಿರಡೆಯಿಂದಲೋ ಮುಚ್ಚಬೇಕು. ಲೇಪವಾದ ಮೇಲೆ ಪೊರೆ ಹರಿಯದಂತೆ ಬಿಚ್ಚಬೇಕು. ಭೂತಗನ್ನಡಿಯ ಕೆಳಗೆ, ಚಿಮಟ ಹಿಡಿದು, ದಿನಕ್ಕೆ ಎಂಟು ಗಂಟೆ ಈ ಕೆಲಸ ಮಾಡಿದವರು ಬಹುಪಾಲು ವಲಸೆ ಬಂದ ಹೆಣ್ಣುಮಕ್ಕಳು. ನಾನಿದ್ದ ಅಂಗಡಿಯಲ್ಲಿ ಪೋರ್ಚುಗಲ್, ಫಿಲಿಪೀನ್ಸ್, ಪಂಜಾಬುಗಳವರ ನಡುವೆ ಕನ್ನಡದ ಮೂವರು ಗೃಹಿಣಿಯರೂ ಇದ್ದರು. ಅವರಲ್ಲೊಬ್ಬರು ಊರಿನಲ್ಲಿ ವಿಜ್ಞಾನದ ಉಪಾಧ್ಯಾಯಿನಿಯಾಗಿದ್ದವರು. ಯಾವ ಭಾಗವನ್ನು ಯಾವ ಕ್ರಮದಲ್ಲಿ ಮುಚ್ಚಿದರೆ ಬಿಚ್ಚುವುದು ಸುಲಭವೆಂದು ಆಕೆ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಚಿತ್ರಸಹಿತ ಬರೆದಿಟ್ಟಿದ್ದರು. ನಮ್ಮ ಎಷ್ಟೋ ಕಠಿಣ ಕೆಲಸಗಳು ಪಾರಾದದ್ದು ಆ ಪುಸ್ತಕದಿಂದ. ಅಂಗಡಿ ಮುಚ್ಚಿದಾಗ ಅದು ಇತರ ಕಾಗದಗಳೊಡನೆ ಕಸದ ಪಾಲಾಯಿತು.

ನಮ್ಮ ಪೀಳಿಗೆಯ ಎಂಜಿನಿಯರುಗಳಿಗೆ ಇನ್ನೊಂದು ಬವಣೆಯಿತ್ತು. ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದವನಿಗೂ ‘ಕೆನಡಾದ ಅನುಭವ ಇಲ್ಲ’ ಎಂಬ ಉತ್ತರ ದೊರೆಯುತ್ತಿತ್ತು. ನಾನೂ ಮೊದಲ ಮೂರು ವರ್ಷ ತೊಟ್ಟಿಗಳನ್ನು ತೊಳೆಯುವ ಕೆಲಸದಲ್ಲಿದ್ದೆ. ಒಂಟಾರಿಯೊದ ಎಂಜಿನಿಯರುಗಳ ಪರವಾನಗಿ ಮಂಡಲಿ ಕೆನಡಾದ ಅನುಭವವೇ ಬೇಕೆಂಬ ನಿಬಂಧನೆಯನ್ನು ಕೈಬಿಟ್ಟದ್ದು ೨೦೨೩ರಲ್ಲಿ. ನಮಗೆ ಅದು ತಡವಾಯಿತು. ಈಗ ಬರುತ್ತಿರುವ ಮಕ್ಕಳಿಗೆ ಒಳಿತಾಗಲಿ.

ಕಸುಬಿನ ಕರಾಳ ಮುಖವನ್ನೂ ಮುಚ್ಚಿಡಬಾರದು. ಕ್ರೋಮಿಕ್ ಆಮ್ಲದ ಮಂಜು ಮೂಗಿನೊಳಗಿನ ಪೊರೆಯನ್ನು ತಿನ್ನುತ್ತದೆ. ಅದರಲ್ಲಿನ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿರುವ ಸಂಗತಿ. ಆದ್ದರಿಂದಲೇ ಇಂದು ಅದರ ಬಳಕೆಗೆ ಹಲವು ದೇಶಗಳು ಬಿಗಿಯಾದ ನಿಯಮಗಳನ್ನು ಹಾಕಿವೆ. ಇಂಥ ತೊಟ್ಟಿಗಳ ಬಳಿ ಗಾಳಿಯ ವ್ಯವಸ್ಥೆ ಸರಿಯಾಗಿರದ ಕಡೆಗಳಲ್ಲಿ ದುಡಿದು ಆರೋಗ್ಯ ಕಳೆದುಕೊಂಡವರನ್ನು ನಾನು ಬಲ್ಲೆ. ಪರರ ಯಂತ್ರಗಳ ಮೈಗೆ ಕವಚ ತೊಡಿಸಿದ ಅವರ ಸ್ವಂತ ಮೈಗೆ ಒಂದು ಒಳ್ಳೆಯ ಮುಖಗವಸೂ ದೊರೆಯಲಿಲ್ಲ.

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ೧೯೬೦ ಮತ್ತು ೭೦ರ ದಶಕಗಳಲ್ಲಿ ಇಲ್ಲಿಗೆ ಬಂದವರು ಒಬ್ಬೊಬ್ಬರಾಗಿ ಅಗಲುತ್ತಿದ್ದೇವೆ. ನಮ್ಮ ಕನ್ನಡ ಸಂಘಗಳ ಆಲ್ಬಮ್ಮುಗಳಲ್ಲಿ ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳ ಚಿತ್ರಗಳು ಬೇಕಾದಷ್ಟಿವೆ. ನಾವು ದುಡಿದ ಸ್ಥಳದ ಒಂದೇ ಒಂದು ಚಿತ್ರ ಸಿಗುವುದು ಕಷ್ಟ. ನಿಮ್ಮ ಮನೆಯ ನೆಲಮಾಳಿಗೆಯಲ್ಲಿ ಹಳೆಯ ನೋಟ್‌ಬುಕ್ಕು, ಸಂಬಳದ ಚೀಟಿ, ಕಾರ್ಖಾನೆಯ ಗುರುತುಚೀಟಿ ಇದ್ದರೆ ಎಸೆಯಬೇಡಿ. ಪೀಲ್ ಪ್ರದೇಶದ ದಾಖಲೆಗಳ ಭಂಡಾರ ಬ್ರಾಂಪ್ಟನ್ನಿನಲ್ಲಿದೆ. ಇತರ ನಗರಗಳಲ್ಲಿಯೂ ಅಂಥವಿವೆ. ಅಲ್ಲಿ ವಿಚಾರಿಸಿ. ಮೊಮ್ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ನಿಮ್ಮ ಕೆಲಸವೇನಿತ್ತೆಂದು ವಿವರವಾಗಿ ಹೇಳಿ. ಅವರ ಕೈಯಲ್ಲಿರುವ ದೂರವಾಣಿಯಲ್ಲಿಯೇ ಅದು ಮುದ್ರಣವಾಗಲಿ. ಯಾವ ಊರಿನಲ್ಲಿ ಕಲಿತಿರಿ, ಯಾರು ಕಲಿಸಿದರು, ಕೈಗೆ ಯಾವ ಉಪಕರಣ ಒಗ್ಗಿತ್ತು, ಯಾವ ವಾಸನೆ ಬಟ್ಟೆಗೆ ಅಂಟಿ ಮನೆಗೆ ಬರುತ್ತಿತ್ತು ಎಂಬುದೆಲ್ಲ ಬರಲಿ. ಇನ್ನೆರಡು ವರ್ಷಗಳ ಅನಂತರದ ಸ್ಮರಣ ಸಂಚಿಕೆಯಲ್ಲಿ ಇಂಥ ಹತ್ತು ಲೇಖನಗಳನ್ನು ಓದುವ ಭಾಗ್ಯ ನನಗೆ ದೊರೆಯಲಿ ಎಂಬುದು ನನ್ನ ಹಾರೈಕೆ.